ಎಪ್ಪತ್ತಕ್ಕೆ ಮೂವತ್ತು

ಉಪ್ಪಳದ ಬೀಡಿ ಬ್ರಾಂಚಿನಲ್ಲಿ ಇಪ್ಪತ್ತಾರು ವರ್ಷ
ನಾನು ಚೆಕ್ಕರ್.
ಕಟ್ಟನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಒತ್ತಿದರೆ ಸಾಕು,
ಹುಡಿ ಕಮ್ಮಿಯೋ, ಎಲೆ ಹಸಿಯೋ,
ಯಾರ ಮನೆಯಲ್ಲಿ ನಿನ್ನೆ ಜ್ವರ ಇತ್ತೋ
ತಿಳಿಯುತ್ತಿತ್ತು.
ಹಾಗಾಗಿ ಸಿನಾನ್ ಶಾರ್ಜಾದಿಂದ
ಕಾಲುಚೀಲದೊಳಗೆ ಅಡಗಿಸಿ ಆ ಪೆನ್ನಿನಂಥದ್ದನ್ನು ತಂದಾಗ
ನಾನು ಮೊದಲು ಕೇಳಿದ್ದು,
"ಒಳಗೆ ಎಂತ ಉಂಟು ಮಾರಾಯ?"

ಅವನಿಗೆ ಅಲ್ಲಿ ಅದರದ್ದೇ ಅಂಗಡಿಯಲ್ಲಿ ಕೆಲಸ.
ರೈಲು ಹಳಿಯ ಆಚೆ, ಮೀನಿನ ಲಾರಿ ತೊಳೆಯುವಲ್ಲಿ ನಿಂತೆವು.
ಇಲ್ಲಿ ಇದಕ್ಕೆ ನಿಷೇಧ, ನನ್ನ ಬೀಡಿಗೆ ಇಲ್ಲ.
ಬೆರಳುದ್ದದ ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದ:
ಗ್ಲಿಸರಿನ್ ಎಪ್ಪತ್ತು, ಗ್ಲೈಕಾಲ್ ಮೂವತ್ತು,
ಅದರಲ್ಲಿ ಚೂರೇ ಚೂರು ನಿಕೋಟಿನ್, ಮತ್ತೆ ಮಾವಿನ ಪರಿಮಳ.
"ಗ್ಲಿಸರಿನ್ ಅಂದರೆ ಜಲಜಾಕ್ಷಿ
ಒಡೆದ ಹಿಮ್ಮಡಿಗೆ ಹಚ್ಚುವುದಲ್ಲವಾ?"
"ಅದೇ ಮಾಮ, ಅದೇ."

ಎಳೆದೆ.
ಮೋಡ ಬಂತು, ಒಂದು ಎಮ್ಮೆ ಮರೆಯಾಗುವಷ್ಟು.
ಗಂಟಲಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.
ನಲವತ್ತು ವರ್ಷ ಬಾಗಿಲು ಒದ್ದು ಬರುತ್ತಿದ್ದ ನೆಂಟ
ಇವತ್ತು ಕಾಲು ತೊಳೆದು, ಮೆಲ್ಲ ಒಳಬಂದು
ಕೂತೂ ಆಗಿದೆಯಂತೆ.
ಎದೆಗೆ ಗೊತ್ತು. ನನಗೆ ಗೊತ್ತಿಲ್ಲ.

ಮರುದಿನ ಅವನು ಲೆಕ್ಕ ಉಲ್ಟಾ ಮಾಡಿದ.
ಗ್ಲೈಕಾಲ್ ತೆಳು, ಚುರುಕು, ಹೋಗುವಾಗ ಗೀರಿಕೊಂಡು ಹೋಗುತ್ತದೆ.
ಒದೆತ ಬಂತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು.
ಆದರೆ ಈ ಮಾವು!
ನೆಕ್ಕರೆಯಲ್ಲ, ಮುಂಡಪ್ಪವಲ್ಲ,
ಮರವೇ ಇಲ್ಲದ ಮಾವು.
"ಹೊಗೆಸೊಪ್ಪಿನ ಪರಿಮಳದ್ದೂ ಉಂಟು ಮಾಮ" ಎಂದು ಬೇರೆ ಸೀಸೆ ಕೊಟ್ಟ.
ಸುಟ್ಟ ಬೆಲ್ಲ, ಮೆತ್ತಗಾದ ಬಿಸ್ಕತ್ತು.
ಇದನ್ನು ಕಲಸಿದವ ಹೊಗೆಸೊಪ್ಪನ್ನು
ಫೋಟೋದಲ್ಲಿ ನೋಡಿರಬೇಕು.
ಪರಿಮಳವೇ ಇಲ್ಲದ್ದು ಕೊಡು ಎಂದೆ.
ಉಪ್ಪು ಹಾಕದ ಗಂಜಿಯ ತೆಳಿ.

ಸಿನಾನ್ ರಜೆ ಮುಗಿಸಿ ಹೋದ. ಪೆನ್ನು ಉಳಿಯಿತು.
ಚಟವೂ ಉಳಿಯಿತು, ಕೈಗೆ ಕೆಲಸವಿಲ್ಲದೆ.
ಬ್ರಾಂಚು ಮುಚ್ಚುವಾಗ ತಂದಿಟ್ಟ ಹುಡಿ ಇತ್ತು ಒಂದು ಡಬ್ಬಿ.
ಗ್ಲಿಸರಿನ್ನಿನಲ್ಲಿ ನೆನೆಸಿ
ಉಪ್ಪಿನಕಾಯಿಯಂತೆ ಎಂಟು ದಿನ ಬಿಸಿಲಿಗಿಟ್ಟೆ,
ಅವಳ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸೋಸಿ ತುಂಬಿಸಿದೆ.
ಮೂರನೆಯ ದಮ್ಮಿಗೆ ಒಳಗಿನ ತಂತಿ ಕಟ್ಟಿಕೊಂಡಿತು,
ಹತ್ತಿ ಕರಟಿತು,
ಕಣ್ಣಲ್ಲಿ ನೀರು, ಗಂಟಲಲ್ಲಿ ಗರಗಸ.
ಹ್ಞಾಂ. ಇದು.
ಇಷ್ಟು ದಿನ ನಾನು ಕೇಳುತ್ತಿದ್ದದ್ದು ರುಚಿಯಲ್ಲ,
ಕರಟಿದ್ದು.

ಮನೆಗೆ ಬಂದೆ.
ಜಲಜಾಕ್ಷಿ ಜಗಲಿಯಲ್ಲಿ, ಮಡಿಲಲ್ಲಿ ಗೆರಸೆ,
ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುತ್ತಿದ್ದಾಳೆ,
ಈಗ ಬೇರೆ ಕಂಪೆನಿಗೆ.
ಮೊದಲೆಲ್ಲ ನಾನು ತಡಮೆ ದಾಟುವ ಮುಂಚೆ
ಗಾಳಿ ಮೂಸಿ ಚಾಯಕ್ಕೆ ನೀರಿಡುತ್ತಿದ್ದವಳು
ಈ ಒಂದು ತಿಂಗಳು,
"ನೀವು ಯಾವಾಗ ಬಂದದ್ದು?"

ಕೆಮ್ಮಿದಳು.
ಜನ್ಮದಲ್ಲಿ ಒಂದು ದಮ್ಮು ಎಳೆದವಳಲ್ಲ.
ಗೆರಸೆಯಿಂದ ಹುಡಿ ಎದ್ದಿತು, ಬಿಸಿಲಿನ ಕೋಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು,
ಮತ್ತೆ ಯಾವ ಕಡೆ ಹೋಯಿತು ಅಂತ
ನಾನು ನೋಡಲಿಲ್ಲ.
ಸಿನಾನನ ಸೀಸೆಯ ಮೇಲಾದರೂ
ಏನು ಎಷ್ಟು ಎಂದು ಬರೆದಿತ್ತು.
ನಮ್ಮ ಕಟ್ಟಿನ ಚೀಟಿಯಲ್ಲಿ ಧಣಿಯ ಫೋಟೋ, ಅಷ್ಟೇ.

"ನನ್ನ ಗ್ಲಿಸರಿನ್ ಎಲ್ಲಿ?
ಹಿಮ್ಮಡಿ ಉರಿಯುತ್ತದೆ."
ಕೊಟ್ಟೆ, ತಳದಲ್ಲಿ ಕಪ್ಪಗೆ ಉಳಿದದ್ದನ್ನು.
ಮುಚ್ಚಳ ತೆಗೆದಳು, ಮೂಸಿದಳು,
ಸೀಸೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು.
ಏನೂ ಹೇಳಲಿಲ್ಲ.
ಎಡಗಡೆಗೆ ಇಟ್ಟಳು,
ಕೆಟ್ಟ ಕಟ್ಟುಗಳನ್ನು ನಾನು ಎಸೆಯುತ್ತಿದ್ದ
ಅದೇ ಎಡಗಡೆಗೆ.